ನನ್ನ ಮಗುವಿಗೆ ‘ತಿಪ್ಪಮ್ಮ’ ಅಂತ ಹೆಸರಿಡಬೇಕಂತೆ. ಏನು ಮಾಡಲಿ?

ಹಟ್ಟಿ ಸೊಸೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಇವತ್ತಿಗೆ ನಲವತ್ತೊಂದು ದಿನ. ಇನ್ನು ಎರಡು ವಾರದಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಆ ಹೆಸರಿನ ವಿಷಯಕ್ಕೇ ಮನೆಯಲ್ಲಿ ಮಾತುಕತೆ ಕಡಿಮೆಯಾಗಿದೆ. ಮಗು ಈಗ ಮಲಗಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು.

ನಾನು ಮೈಸೂರಿನವಳು. ಗಂಡನ ಊರು ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯಿಂದ ನಾಲ್ಕೈದು ಮೈಲಿ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ಇವಳಿಗಿಂತ ಮೊದಲು ನನಗೆ ಎರಡು ಸಲ ಹೋಯಿತು. ಒಂದು ಮೂರನೇ ತಿಂಗಳಲ್ಲಿ. ಇನ್ನೊಂದು ಆರು ತುಂಬಿದ ಮೇಲೆ. ಎರಡನೆಯದು ಆದಾಗ ಅತ್ತೆ ಯಾರಿಗೂ ಹೇಳದೆ ನಾಯಕನಹಟ್ಟಿಯ ಗುಡಿಗೆ ಹೋಗಿ ಹರಕೆ ಹೊತ್ತರಂತೆ. ಮುಂದಿನ ಮಗು ಉಳಿದರೆ ತಿಪ್ಪೇಸ್ವಾಮಿ ಹೆಸರು ಇಡುತ್ತೇನೆ ಅಂತ. ಇವಳು ಹುಟ್ಟಿದ ದಿನ ಆಸ್ಪತ್ರೆಯಲ್ಲೇ ಎತ್ತಿಕೊಂಡು ಹೇಳಿದರು, ‘ಇವಳು ನಮ್ಮ ತಿಪ್ಪಮ್ಮ’.

ಆ ಗಳಿಗೆಯಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಮಗು ಅತ್ತಿತಲ್ಲ, ಅಷ್ಟೇ ಸಾಕಾಗಿತ್ತು. ಈಗ ದಿನಾ ಕೇಳುತ್ತಿದ್ದೇನೆ. ಎಣ್ಣೆ ಹಚ್ಚುವಾಗ ‘ತಿಪ್ಪಿ, ಕಾಲು ಕೊಡೇ’. ನೀರು ಹಾಕುವಾಗ ‘ನಮ್ ತಿಪ್ಪಿಗೆ ಬಿಸಿ ಆಯ್ತಾ’. ಆ ದನಿಯಲ್ಲಿ ಎಷ್ಟು ಪ್ರೀತಿ ಇದೆ ಅಂದರೆ, ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ರಾತ್ರಿ ಹಾಲು ಕುಡಿಸುತ್ತಾ ಕೂತಾಗ ಬೇರೆಯದೇ ಕಣ್ಣ ಮುಂದೆ ಬರುತ್ತದೆ. ಬೆಂಗಳೂರಿನ ಒಂದು ಶಾಲೆ. ಹಾಜರಿ ಕೂಗುತ್ತಿದ್ದಾರೆ. ಆದ್ಯಾ, ಸಾನ್ವಿ, ಅನ್ವಿತಾ, ತಿಪ್ಪಮ್ಮ. ಎಲ್ಲ ಮಕ್ಕಳೂ ತಿರುಗಿ ನೋಡುತ್ತಾರೆ.

ನನ್ನ ಗಂಡನಿಗೆ ‘ನಾಯ್ರಾ’ ಇಷ್ಟ. ಮೊಬೈಲಿನಲ್ಲಿ ಹುಡುಕಿದ್ದು. ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆ. ಎರಡು ಸಲ ಕೇಳಿಸಿಕೊಂಡು, ‘ನಾಯಿ ಅಂತ ಯಾಕಮ್ಮ?’ ಅಂದರು. ಪುರೋಹಿತರನ್ನು ಕೇಳಿದರೆ ಹಸ್ತಾ ನಕ್ಷತ್ರ, ನಾಲ್ಕನೇ ಪಾದ, ‘ಠ’ ಅಕ್ಷರದಿಂದ ಬರಬೇಕು ಅಂದರು. ಠ ಅಕ್ಷರದಿಂದ ಹೆಣ್ಣುಮಗುವಿಗೆ ಯಾವ ಹೆಸರಿದೆ ಹೇಳಿ.

ಇಂಥ ಹೆಸರು ಇಟ್ಟುಕೊಂಡು ಬೆಳೆದವರು ಯಾರಾದರೂ ಇದ್ದರೆ ನಿಜ ಹೇಳಿ. ಕಷ್ಟವಾಯಿತಾ? ಅಪ್ಪ ಅಮ್ಮನ ಮೇಲೆ ಸಿಟ್ಟು ಬಂತಾ? ಮತ್ತೆ, ಒಂದು ಸಲ ಬರ್ತ್ ಸರ್ಟಿಫಿಕೇಟಿನಲ್ಲಿ ಬರೆಸಿದರೆ ಆಮೇಲೆ ಬದಲಾಯಿಸಬಹುದಾ? ಅತ್ತೆಯ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಮಗಳನ್ನು ಯಾರೋ ನೋಯಿಸುವುದೂ ಬೇಡ.

ಬೆಣ್ಣೆದೋಸೆ ಊರಿನವಳು

ದಯವಿಟ್ಟು ನಾಯ್ರಾ ಬೇಡ. ನಮ್ಮ ಅಕ್ಕನ ಮಗಳಿಗೆ ಅದೇ ಹೆಸರು. ಹಿಂದಿ ಧಾರಾವಾಹಿ ನೋಡಿ ಇಟ್ಟಿದ್ದು. ಟಿವಿಯಲ್ಲಿ ಕೇಳಲು ಎಷ್ಟು ಚಂದ. ದಾವಣಗೆರೆಯ ಓಣಿಯಲ್ಲಿ ನಿಂತು ಜೋರಾಗಿ ಕರೆದು ನೋಡಿ. ‘ನಾಯ್‌ರಾ, ಬಾರೇ ಒಳಗೆ’. ಮಗುವಿಗೆ ಐದು ವರ್ಷ ಆದಾಗ ಪಕ್ಕದ ಮನೆ ಹುಡುಗರು ಬೌ ಬೌ ಅನ್ನಲು ಶುರು ಮಾಡಿದರು. ಅವಳು ಅಳುತ್ತಾ ಬಂದು, ‘ನನ್ನ ಹೆಸರು ತೆಗೆದುಬಿಡು’ ಅಂದಳು. ಈಗ ಮನೆಯಲ್ಲಿ ಎಲ್ಲರೂ ‘ಪುಟ್ಟಿ’ ಅನ್ನುತ್ತೇವೆ. ಬೇರೆ ಭಾಷೆಯಲ್ಲಿ ಎಷ್ಟೇ ಒಳ್ಳೆಯ ಅರ್ಥ ಇರಲಿ, ಮಗುವನ್ನು ಕರೆಯುವುದು ನಮ್ಮ ಓಣಿಯಲ್ಲಿ ಅಲ್ವಾ?

ತಿಪ್ಪಮ್ಮನ ಬಗ್ಗೆ ಹೇಳಲು ನನಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಲಿ.

ದುರ್ಗದ ಮೇಷ್ಟ್ರು

ತಾಯಿ, ನನ್ನ ಹೆಸರು ತಿಪ್ಪೇಸ್ವಾಮಿ. ಹುಟ್ಟಿದ್ದು 1971. ನಿಮ್ಮ ಗಂಡನ ಊರಿನ ಕಡೆಯವನೇ. ಮೂವತ್ತು ವರ್ಷದ ಮೇಲಾಯಿತು, ಪಾಠ ಮಾಡುತ್ತಿದ್ದೇನೆ. ನೀವು ನಿಜ ಹೇಳಿ ಅಂದಿದ್ದೀರಿ. ಪೂರ್ತಿ ಹೇಳುತ್ತೇನೆ.

ನನಗಿಂತ ಮೊದಲು ನಮ್ಮವ್ವನಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ನಾನು ಹುಟ್ಟಿದ ಮೂರನೇ ದಿನ ಬೆಳಿಗ್ಗೆ ನಮ್ಮಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿಕೊಂಡು ಹಿತ್ತಲಿಗೆ ಹೋದಳಂತೆ. ತಿಪ್ಪೆಯ ಮೇಲೆ ಹಳೇ ಸೀರೆ ಹಾಸಿ, ಅದರ ಮೇಲೆ ನನ್ನನ್ನು ಒಂದು ಸಲ ಉರುಳಿಸಿ, ಹಿಂದೆ ತಿರುಗಿ ನೋಡದೆ ಬಂದುಬಿಟ್ಟಳು. ಪಕ್ಕದ ಮನೆಯ ಹೆಂಗಸಿಗೆ ಮೊದಲೇ ಹೇಳಿಟ್ಟಿದ್ದರು. ಆಕೆ ಏನೂ ಗೊತ್ತಿಲ್ಲದವಳ ಹಾಗೆ ಬಂದು, ‘ಅಯ್ಯೋ, ಯಾರದೋ ಕೂಸು ಬಿದ್ದದೆ’ ಅಂತ ಎತ್ತಿಕೊಂಡಳು. ನಮ್ಮ ಮನೆ ಬಾಗಿಲಿಗೆ ಬಂದು, ‘ತಿಪ್ಪ್ಯಾಗೆ ಸಿಕ್ತು, ತಗೊಂತೀರೇನು?’ ಅಂತ ಕೇಳಿದಳು. ನಮ್ಮವ್ವ ಒಂದು ಸೇರು ನವಣೆ ಕೊಟ್ಟು ನನ್ನನ್ನು ಕೊಂಡುಕೊಂಡಳು.

ಹೀಗೆ ಮಾಡಿದರೆ ಯಮನಿಗೆ ಇದು ಈ ಮನೆಯ ಮಗು ಅಂತ ಗೊತ್ತಾಗುವುದಿಲ್ಲ, ಯಾರೋ ಎಸೆದದ್ದು ಅಂದುಕೊಂಡು ಬಿಟ್ಟುಹೋಗುತ್ತಾನೆ ಅನ್ನುವ ನಂಬಿಕೆ. ನನ್ನನ್ನು ಎತ್ತಿದ ಆಕೆಯನ್ನು ನಾನು ಕೊನೆಯವರೆಗೂ ಎತ್ತಿದವ್ವ ಅಂತಲೇ ಕರೆದೆ. ಯುಗಾದಿ ಹೋಳಿಗೆ ಮೊದಲು ಅವಳ ಮನೆಗೆ ಹೋಗಬೇಕು, ಆಮೇಲೆ ನಮ್ಮ ಊಟ. ಅವಳು ತೀರಿಕೊಂಡಾಗ ನಾನೂ ಹೆಗಲು ಕೊಟ್ಟೆ.

ಇದು ನಮ್ಮ ಕಡೆಯ ಹುಚ್ಚು ಅಂತ ತಿಳಿಯಬೇಡಿ. ಆಂಧ್ರದ ಗಡಿ ನಮಗೆ ಹತ್ತಿರ. ಅಲ್ಲಿ ಪೆಂಟಯ್ಯ ಅಂತ ಇಡುತ್ತಿದ್ದರು. ಪೆಂಟ ಅಂದರೂ ತಿಪ್ಪೆಯೇ. ಎಸೆದ ಊಟದ ಎಲೆಯ ಮೇಲೆ ಹೊರಳಿಸಿದ ಮಗು ಪುಲ್ಲಯ್ಯ. ತಮಿಳಿನಲ್ಲಿ ಕುಪ್ಪುಸ್ವಾಮಿ, ಕುಪ್ಪಮ್ಮಾಳ್. ಕುಪ್ಪೈ ಅಂದರೆ ಕಸ. ಮರಾಠಿಯಲ್ಲಿ ಧೋಂಡಿಬಾ, ಅಂದರೆ ಕಲ್ಲು. ನಮ್ಮಲ್ಲೂ ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪ ಇಲ್ಲವೇ? ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಲ್ಲ ಕಡೆಯೂ ಒಂದೇ ಥರ ಯೋಚಿಸಿದ್ದಾರೆ.

ನಮ್ಮ ಕಡೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ, ನಿಮ್ಮ ಅತ್ತೆ ಹರಕೆ ಹೊತ್ತ ತಿಪ್ಪೇಸ್ವಾಮಿ ಅವರೇ. ಆ ಬರದ ನಾಡಿನಲ್ಲಿ ಕೆರೆ ಕಟ್ಟಿಸಿದವರು ಅವರು. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಅವರ ಮಾತು ನಮ್ಮಲ್ಲಿ ಮಕ್ಕಳ ಬಾಯಲ್ಲೂ ಇದೆ. ಹಾಗಾಗಿ ಈ ಹೆಸರಿನಿಂದ ಊರಲ್ಲಿ ನನಗೆ ಒಂದು ದಿನವೂ ಅವಮಾನ ಆಗಿಲ್ಲ. ಒಂದನೇ ತರಗತಿಯಲ್ಲಿ ನಾವು ನಾಲ್ಕು ಜನ ತಿಪ್ಪೇಸ್ವಾಮಿಗಳಿದ್ದೆವು. ಮೊಳಕಾಲ್ಮೂರಿಗೆ ತಿಪ್ಪೇಸ್ವಾಮಿ ಅನ್ನುವವರು ಶಾಸಕರಾಗಿದ್ದರು. ಚಿತ್ರದುರ್ಗಕ್ಕೆ ತಿಪ್ಪಾರೆಡ್ಡಿಯವರು. ಯಾರೂ ನಗಲಿಲ್ಲ.

ಕಷ್ಟ ಶುರುವಾದದ್ದು ಓದಲು ದೊಡ್ಡ ಊರಿಗೆ ಹೋದ ಮೇಲೆ. ಹಾಸ್ಟೆಲಿನಲ್ಲಿ ಎರಡೇ ದಿನಕ್ಕೆ ನನ್ನ ಹೆಸರು ‘ತಿಪ್ಪೆ’ ಆಯಿತು. ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳುವರು. ಅದನ್ನು ಸಹಿಸಿದೆ. ಒಂದು ದಿನ ತರಗತಿಯಲ್ಲಿ ಪ್ರಶ್ನೆ ಕೇಳಿದರು, ನನಗೆ ಉತ್ತರ ಅರ್ಧ ಗೊತ್ತಿತ್ತು. ತಡವರಿಸಿದೆ. ಅಧ್ಯಾಪಕರು, ‘ಹೆಸರಿಗೆ ತಕ್ಕ ಹಾಗೆ ತಿಪ್ಪೆ ಸಾರಿಸಬೇಡ, ಗೊತ್ತಿದ್ದರೆ ಹೇಳು’ ಅಂದರು. ಅರವತ್ತು ಜನ ನಕ್ಕರು. ನಾನು ನಿಂತೇ ಇದ್ದೆ. ಕೂರು ಅಂತ ಅವರು ಹೇಳಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತಿದ್ದೆ. ಇವತ್ತಿಗೂ ನನ್ನ ತರಗತಿಯಲ್ಲಿ ಯಾವ ಮಗುವಿನ ಹೆಸರನ್ನೂ ಆಡಿಕೊಳ್ಳಲು ನಾನು ಬಿಡುವುದಿಲ್ಲ.

ಅವತ್ತಿನಿಂದ ‘ಟಿ. ಸ್ವಾಮಿ’ ಅಂತ ಬರೆಯಲು ಶುರು ಮಾಡಿದೆ. ಪುಸ್ತಕದ ಮೇಲೆ, ಹಾಸ್ಟೆಲ್ ರಿಜಿಸ್ಟರಿನಲ್ಲಿ, ಎಲ್ಲ ಕಡೆ. ಮನೆಗೆ ಬರೆದ ಕಾಗದದಲ್ಲೂ ಕೆಳಗೆ ಹಾಗೇ ಸಹಿ ಹಾಕಿದೆ. ನಮ್ಮವ್ವನಿಗೆ ಓದು ಬರುವುದಿಲ್ಲ. ಪೋಸ್ಟಿನವನೇ ಓದಿ ಹೇಳುತ್ತಿದ್ದ. ಅವನು ಕೊನೆಗೆ ‘ಇಂತಿ ನಿಮ್ಮ ಮಗ ಟಿ. ಸ್ವಾಮಿ’ ಅಂತ ಓದಿದಾಗ ಅವ್ವ, ‘ಇದು ನಮ್ಮ ಮನೇದಲ್ಲ, ಯಾರದೋ ನೋಡಪ್ಪ’ ಅಂತ ಕಾಗದ ವಾಪಸ್ ಕೊಟ್ಟಳಂತೆ. ರಜೆಗೆ ಹೋದಾಗ ಪೋಸ್ಟಿನವನೇ ಇದನ್ನು ಹೇಳಿದ. ಅವ್ವ ಏನೂ ಹೇಳಲಿಲ್ಲ. ಮುದ್ದೆ ಬಡಿಸಿ, ‘ಉಣ್ಣು ತಿಪ್ಪೇಶಿ’ ಅಂದಳು. ಆಮೇಲೆ ನಾನು ಎಲ್ಲೂ ಟಿ. ಸ್ವಾಮಿ ಅಂತ ಬರೆಯಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಣ್ಣುಮಗುವಿಗೆ, ಅದೂ ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೆ, ಇದು ನನಗಿಂತ ಜಾಸ್ತಿ ಕಷ್ಟವಾಗುತ್ತದೆ. ಸುಳ್ಳು ಹೇಳಲಾರೆ. ನನ್ನ ಜೊತೆ ನಗಲು ಮೂರು ತಿಪ್ಪೇಸ್ವಾಮಿಗಳಿದ್ದರು. ಅವಳು ಒಬ್ಬಳೇ ಇರುತ್ತಾಳೆ. ದಾಖಲೆಯಲ್ಲಿ ಬೇರೆ ಹೆಸರು ಬರೆಸಿ.

ಆದರೆ ತಿಪ್ಪಮ್ಮನನ್ನು ಮನೆಯಿಂದ ಕಳಿಸಬೇಡಿ. ಎರಡು ಹೆಸರು ನಮಗೆ ಹೊಸದಲ್ಲ. ಠ ಅಕ್ಷರದ ವಿಷಯಕ್ಕೂ ಹಿಂದಿನವರು ಹಾಗೇ ಮಾಡುತ್ತಿದ್ದರು. ಆರಿದ್ರೆಯ ಮೂರನೇ ಪಾದಕ್ಕೆ ‘ಙ’ ಬರುತ್ತದೆ, ಉತ್ತರಾಭಾದ್ರೆಯ ನಾಲ್ಕನೆಯದಕ್ಕೆ ‘ಞ’. ಆ ಅಕ್ಷರದಿಂದ ಯಾರಿಗೆ ಹೆಸರಿಡಲು ಬರುತ್ತದೆ? ನಕ್ಷತ್ರದ ಹೆಸರು ಕಿವಿಯಲ್ಲಿ ಹೇಳಿ ಮುಗಿಸುವರು, ಕರೆಯುವ ಹೆಸರು ಬೇರೆ ಇಡುವರು. ನಿಮ್ಮ ಅತ್ತೆ ಹರಕೆಯಲ್ಲಿ ಹೆಸರು ‘ಇಡುತ್ತೇನೆ’ ಅಂದಿದ್ದಾರೆ. ‘ಬರೆಸುತ್ತೇನೆ’ ಅಂದಿಲ್ಲ ಅಲ್ವಾ?

ತಿಪ್ಪೆ ಅಂದರೆ ಪಟ್ಟಣದವರಿಗೆ ಕಸದ ರಾಶಿ. ನಮಗೆ ಅದು ಬರುವ ವರ್ಷದ ಬೆಳೆ. ದೀಪಾವಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ತಿಪ್ಪೆಯ ಮೇಲೆ ಚೆಂಡುಹೂವು ಇಟ್ಟು ದೀಪ ಹಚ್ಚುತ್ತಾರೆ. ಇದನ್ನು ನಿಮ್ಮ ಮಗಳಿಗೆ ಯಾವಾಗಲಾದರೂ ತೋರಿಸಿ.

ಕೊನೆಯದಾಗಿ ಒಂದು ವಿನಂತಿ. ಅತ್ತೆಯನ್ನು ಕೂರಿಸಿಕೊಂಡು, ಅವರಿಗೆ ಎಷ್ಟು ಮಕ್ಕಳು ಹೋಗಿದ್ದವು ಅಂತ ಕೇಳಿ. ಈ ಹರಕೆ ಸುಮ್ಮನೆ ಬಂದಿರುವುದಿಲ್ಲ.

ಇನ್ನೊಂದು ಬರೆಯಬೇಕು ಅನ್ನಿಸಿತು. ಕೆಲವು ವರ್ಷದ ಹಿಂದೆ ನನ್ನ ತರಗತಿಗೆ ಕೃತಾಂತ್ ಅನ್ನುವ ಹುಡುಗ ಬಂದ. ಬಹಳ ಚೂಟಿ. ಅವರಪ್ಪ ಮೊಬೈಲಿನಲ್ಲಿ ನೋಡಿ ಇಟ್ಟಿದ್ದರಂತೆ. ಕೃತಾಂತ ಅಂದರೆ ಯಮ. ನನ್ನನ್ನು ಯಮನಿಂದ ಬಚ್ಚಿಡಲು ತಿಪ್ಪೆಗೆ ಹಾಕಿದರು, ಈ ಮಗುವಿಗೆ ಗೊತ್ತಿಲ್ಲದೆ ಯಮನ ಹೆಸರನ್ನೇ ಇಟ್ಟರು. ಮಗುವಿನ ಎದುರು ಹೇಳಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಕರೆದು ನಿಘಂಟು ತೋರಿಸಿದೆ. ಆತ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಹೆಸರು ಇಡುವ ಮೊದಲು ದಯವಿಟ್ಟು ಒಮ್ಮೆ ನಿಘಂಟು ತೆಗೆದು ನೋಡಿ. ಮೊಬೈಲಿನ ಪಟ್ಟಿಯನ್ನು ನಂಬಬೇಡಿ.

ಗಡಿನಾಡ ನರ್ಸ್

ಮೇಷ್ಟ್ರೇ, ಓದಿ ಕಣ್ಣು ತುಂಬಿತು. ನೀವು ಹುಟ್ಟಿದ 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿದಿದೆ. ಎಂಟರಲ್ಲಿ ಒಂದು ಮಗು ಹೋಗುವ ಕಾಲದಲ್ಲಿ ಇದ್ದಿದ್ದರೆ ನಾನೂ ನನ್ನ ಮಕ್ಕಳನ್ನು ತಿಪ್ಪೆಯಲ್ಲಿ ಉರುಳಿಸುತ್ತಿದ್ದೆ.

ನಾನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತಾರು ವರ್ಷದಿಂದ ಓಡಾಡುತ್ತಿದ್ದೇನೆ. ಸಾವಿರಾರು ತಾಯಿ ಕಾರ್ಡ್ ಬರೆದಿದ್ದೇನೆ. ತಂಗಿ, ನಿನಗೆ ಒಂದು ಮಾತು ಹೇಳಬೇಕು. ನಿನ್ನ ಮಗಳಿಗೆ ಇಡಬೇಕು ಅಂತಿರುವುದು ಮಗು ಉಳಿಯಲಿ ಅನ್ನುವ ಹೆಸರು. ಮಗು ಬೇಡ ಅನ್ನುವ ಹೆಸರುಗಳೂ ಇವೆ. ನಾನು ಜಗಳ ಮಾಡಿರುವುದು ಅವುಗಳ ಜೊತೆ.

ಒಂದು ಮನೆಯಲ್ಲಿ ನಾಲ್ಕನೆಯದೂ ಹೆಣ್ಣಾಯಿತು. ಹೆಸರು ಕೇಳಿದೆ. ಅಜ್ಜಿ ಬಾಗಿಲಲ್ಲಿ ನಿಂತು, ‘ಸಾಕವ್ವ ಅಂತ ಬರೀರಿ. ಇನ್ನ ಹೆಣ್ಣ ಸಾಕು’ ಅಂದಳು. ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ‘ಹೆಸರು ಇಟ್ಟಿಲ್ಲ’ ಅಂತ ಬರೆದು ಬಂದೆ. ಎರಡು ವಾರ ಬಿಟ್ಟು ಮಗುವಿಗೆ ತೂಕ ಹಾಕುವ ನೆಪದಲ್ಲಿ ಹೋದೆ. ಅಜ್ಜಿ ಹೊಲಕ್ಕೆ ಹೋಗಿದ್ದಳು. ಬಾಣಂತಿಗೆ, ‘ನಿನಗೆ ಯಾವ ಹೆಸರು ಇಷ್ಟ?’ ಅಂದೆ. ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮವ್ವನ ಹೆಸರ ಶಾಂತಾ’ ಅಂದಳು. ಅವಳ ಕಣ್ಣ ಮುಂದೆಯೇ ಬರೆದೆ. ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಷರದ ಮೇಲೆ ಬೆರಳು ಆಡಿಸುತ್ತಿದ್ದಳು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ.

ಗಡಿಯಾಚೆ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’ ಅಂತ ಇಡುತ್ತಿದ್ದರು. ಮರಾಠಿಯಲ್ಲಿ ಬೇಡವಾದವಳು ಅಂತ ಅರ್ಥ. ಶಾಲೆಯಲ್ಲಿ ದಿನಾ ಆ ಹೆಸರಿಗೆ ಹಾಜರಿ ಹೇಳಬೇಕು. ಯೋಚನೆ ಮಾಡಿ. 2011ರ ಅಕ್ಟೋಬರಿನಲ್ಲಿ ಅಲ್ಲಿನ ಜಿಲ್ಲಾಡಳಿತ ಅಂಥ 285 ಹುಡುಗಿಯರನ್ನು ಸೇರಿಸಿ, ಅವರು ಆರಿಸಿಕೊಂಡ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಆ ಸುದ್ದಿ ಬಂದ ಪೇಪರನ್ನು ನಾನು ಎರಡು ವರ್ಷ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಹಳ್ಳಿಗಳಲ್ಲಿ ತೋರಿಸುತ್ತಿದ್ದೆ.

ಎಲ್ಲ ಸಾಕಮ್ಮಂದಿರೂ ಬೇಡವಾದವರು ಅಂತ ನಾನು ಹೇಳುತ್ತಿಲ್ಲ. ಹಿಂದೆ ಬೆಂಗಳೂರಿನಲ್ಲಿ ಕಾಫಿಪುಡಿ ವ್ಯಾಪಾರ ಕಟ್ಟಿದ ಸಾಕಮ್ಮ ಎಷ್ಟು ದೊಡ್ಡ ಹೆಸರು ಮಾಡಿದರು. ಆದರೆ ಯಾಕೆ ಇಡುತ್ತಿದ್ದಾರೆ ಅನ್ನುವುದು ಮಗುವಿಗೆ ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ನಿನ್ನ ಮಗಳಿಗೆ ಗೊತ್ತಾಗುವುದು, ಅಜ್ಜಿ ನನಗಾಗಿ ಹಟ್ಟಿಗೆ ಹೋಗಿದ್ದಳು ಅಂತ. ಅಷ್ಟು ನೆನಪಿಡು.

ಬರೆದ ಕೈ

ಕಾಗದಪತ್ರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ನಿಮ್ಮದು ಆಸ್ಪತ್ರೆಯ ಹೆರಿಗೆ ಆದ್ದರಿಂದ ಅವರೇ ಕಳಿಸಿರುತ್ತಾರೆ. ಹೆಸರಿನ ಜಾಗ ಖಾಲಿ ಇದ್ದರೆ ಗಾಬರಿ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಇರುವುದೇ ಅದಕ್ಕೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅದಾದ ಮೇಲೆ 15 ವರ್ಷದವರೆಗೂ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ತೊಟ್ಟಿಲ ಶಾಸ್ತ್ರದ ಮಾರನೇ ದಿನವೇ ಓಡಬೇಕಿಲ್ಲ. ಮನೆಯಲ್ಲಿ ಎಲ್ಲರೂ ಒಪ್ಪುವವರೆಗೆ ಕಾಯಿರಿ.

ಬರೆಸಿದ ಮೇಲೆ ಬದಲಾಯಿಸುವುದು ಮಾತ್ರ ಕಷ್ಟ. 15ನೇ ಸೆಕ್ಷನ್ ಇರುವುದು ತಪ್ಪು ತಿದ್ದಲು, ಮನಸ್ಸು ಬದಲಾದದ್ದಕ್ಕಲ್ಲ. ಉಡುಪಿ ಕಡೆಯ ಒಂದು ಮಗುವಿನ ಹೆಸರು ಬದಲಿಸಲು ತಂದೆ ತಾಯಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಕೊನೆಗೆ ಕೋರ್ಟು ಅವರ ಮಾತು ಒಪ್ಪಿತು. ಕಾನೂನಿನಲ್ಲೇ ಇದಕ್ಕೆ ದಾರಿ ಇಲ್ಲದಿರುವುದನ್ನೂ ಎತ್ತಿ ಹೇಳಿತು. ಜೊತೆಗೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ಕಾಲದ ಹಾಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೇರೆ ಹೆಸರು ಬರೆದುಕೊಳ್ಳುವುದು ಇನ್ನು ಸುಲಭವಲ್ಲ.

ನನ್ನ ಕೈಯಿಂದಲೇ ಒಂದು ತಪ್ಪಾಗಿದೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಕೂಲಿಯವನು ಮಗನ ಜನನ ಬರೆಸಲು ಬಂದ. ಹೆಸರು ಕೇಳಿದೆ. ‘ಇನ್ನೂ ಇಟ್ಟಿಲ್ಲ ಸಾಮಿ, ಪಾಪು ಅಂತೀವಿ’ ಅಂದ. ಹಿಂದೆ ಸಾಲು ನಿಂತಿತ್ತು. ನಾನು ‘ಪಾಪು’ ಅಂತ ಬರೆದು ಮುಂದಿನವನನ್ನು ಕರೆದೆ. ಹದಿನಾರು ವರ್ಷ ಬಿಟ್ಟು ಒಬ್ಬ ಹುಡುಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಬಂದ. ಮೀಸೆ ಮೂಡಿದ ಹುಡುಗ. ಅಂಕಪಟ್ಟಿಯಲ್ಲಿ ಹೆಸರು ಪಾಪು. ‘ಇದನ್ನ ಬದಲಾಯಿಸಬಹುದಾ ಸಾರ್?’ ಅಂದ. ರಿಜಿಸ್ಟರ್ ತೆಗೆದರೆ ನನ್ನದೇ ಅಕ್ಷರ. ಅಫಿಡವಿಟ್ಟು, ಪತ್ರಿಕೆ ಪ್ರಕಟಣೆ ಅಂತ ನಾನೇ ಜೊತೆಗೆ ಓಡಾಡಿದೆ. ಆದರೂ ಹಳೆಯ ದಾಖಲೆಗಳಲ್ಲಿ ಅದು ಹಾಗೇ ಉಳಿಯಿತು. ಅವತ್ತಿನಿಂದ, ಹೆಸರು ಇಟ್ಟಿಲ್ಲ ಅಂದವರ ಸಾಲಿನಲ್ಲಿ ನಾನು ಒಂದಕ್ಷರ ಬರೆದಿಲ್ಲ.

ಇನ್ನೊಂದು. ಬಿಡದಿ ಹತ್ತಿರ ಭದ್ರಾಪುರದ ಹಕ್ಕಿಪಿಕ್ಕಿ ಬುಡಕಟ್ಟಿನ ಜನರಲ್ಲಿ ಹೈಕೋರ್ಟ್, ಕಾಫಿ, ಮೈಸೂರ್ ಪಾಕ್ ಅಂತ ಹೆಸರುಗಳಿವೆ. ಅದನ್ನು ಹಾಸ್ಯಕ್ಕೆ ಹಂಚುವವರನ್ನು ಕಂಡರೆ ನನಗೆ ಬೇಜಾರು. ಹೊಸದಾಗಿ ಕಂಡದ್ದು, ಮನಸ್ಸಿಗೆ ಹಿಡಿಸಿದ್ದು, ಅದನ್ನೇ ಮಗುವಿಗೆ ಇಡುತ್ತಾರೆ. ನಾವು ಧಾರಾವಾಹಿ ನೋಡಿ ಇಡುವುದಿಲ್ಲವೇ?

ಡಲ್ಲಾಸ್ ಕನ್ನಡತಿ

ನನ್ನದು ಚಿಕ್ಕ ಅನುಭವ. ನನ್ನ ಮಗ ರಕ್ಷಿತ್. ಎಷ್ಟು ಒಳ್ಳೆಯ ಹೆಸರು ಅಲ್ವಾ? ನಮ್ಮ ಮಾವನವರೇ ಇಟ್ಟಿದ್ದು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರ ಓದಿ ನೋಡಿ. ನಮಗೆ ಆಗ ಹೊಳೆಯಲೇ ಇಲ್ಲ. ಮೂರನೇ ತರಗತಿಯಲ್ಲಿ ಒಂದು ದಿನ ಬದಲಿ ಟೀಚರ್ ಬಂದು ಹಾಜರಿ ಕರೆಯುವಾಗ ಅವನ ಹೆಸರಿನ ಹತ್ತಿರ ತಡೆದು ನಿಂತರಂತೆ. ಮಕ್ಕಳಿಗೆ ಅಷ್ಟೇ ಸಾಕಾಯಿತು. ಸಂಜೆ ಮನೆಗೆ ಬಂದವನು ಶೂ ಕೂಡ ಬಿಚ್ಚದೆ, ‘ಅಮ್ಮಾ, ನಾಳೆಯಿಂದ ನಾನು ರಾಕ್’ ಅಂದ. ತಾತನ ಜೊತೆ ವಿಡಿಯೋ ಕಾಲ್ ಇದ್ದಾಗ ಮಾತ್ರ ರಕ್ಷಿತ್.

ತಿಪ್ಪಮ್ಮ ಅಂತ ಇಲ್ಲಿ ಯಾರಾದರೂ ಇದ್ದಿದ್ದರೆ ಒಬ್ಬರೂ ನಗುತ್ತಿರಲಿಲ್ಲ. ರಕ್ಷಿತ್ ಅಂತ ಹಾಸನದಲ್ಲಿ ಯಾರು ನಗುತ್ತಾರೆ? ಬರೆಸುವ ಮೊದಲು ಎರಡೂ ಲಿಪಿಯಲ್ಲಿ ಬರೆದು, ಕನ್ನಡ ಬಾರದ ಒಬ್ಬರ ಕೈಯಲ್ಲಿ ಓದಿಸಿ. ನಾವು ಮಾಡದ ಕೆಲಸ ಅದು.

ಹಟ್ಟಿ ಸೊಸೆ

ಇಪ್ಪತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಉತ್ತರವನ್ನೂ ಎಷ್ಟು ಸಲ ಓದಿದೆನೋ.

ಮೇಷ್ಟ್ರು ಹೇಳಿದ ಹಾಗೆ ಅತ್ತೆಯನ್ನು ಕೇಳಿದೆ. ರಾತ್ರಿ ಅವರು ಮಗುವಿನ ಬಟ್ಟೆ ಮಡಚುತ್ತಿದ್ದರು. ‘ಅತ್ತೆ, ಇವರಿಗಿಂತ ಮುಂಚೆ ನಿಮಗೆ ಮಕ್ಕಳಾಗಿದ್ದವಾ?’ ಅಂದೆ. ಮಡಚುತ್ತಲೇ ಹೇಳಿದರು. ಮೊದಲನೆಯದು ಹೆಣ್ಣು, ಒಂಬತ್ತು ದಿನ ಇತ್ತು. ಎರಡನೆಯದು ಗಂಡು, ಹನ್ನೊಂದು ತಿಂಗಳು. ಜ್ವರ ಬಂದು ರಾತ್ರಿ ಎತ್ತಿನ ಗಾಡಿಯಲ್ಲಿ ಚಳ್ಳಕೆರೆಗೆ ಹೊರಟರಂತೆ. ದಾರಿಯಲ್ಲೇ ಹೋಯಿತು. ಗಾಡಿ ತಿರುಗಿಸಲು ಮಾವನಿಗೆ ಮನಸ್ಸು ಬರದೆ, ಬೆಳಗಾಗುವವರೆಗೂ ಸುಮ್ಮನೆ ಹೊಡೆಯುತ್ತಲೇ ಇದ್ದರಂತೆ. ಇದನ್ನು ಹೇಳುವಾಗ ಅತ್ತೆ ಒಂದೇ ಜುಬ್ಬವನ್ನು ನಾಲ್ಕು ಸಲ ಮಡಚಿದರು.

ಆಮೇಲೆ ನನ್ನ ಗಂಡ ಹುಟ್ಟಿದರು. ಅವರನ್ನೂ ತಿಪ್ಪೆಯಲ್ಲಿ ಉರುಳಿಸಿದ್ದರಂತೆ. ಶಾಲೆಗೆ ಸೇರುವವರೆಗೂ ತಿಪ್ಪ ಅಂತಲೇ ಕರೆಯುತ್ತಿದ್ದರಂತೆ. ಸೇರಿಸುವಾಗ ಮೇಷ್ಟ್ರು ಬೇರೆ ಹೆಸರು ಬರೆದರು. ನನ್ನ ಗಂಡ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಊರಿನಲ್ಲಿ ಒಬ್ಬ ದೊಡ್ಡಮ್ಮ ಇವತ್ತಿಗೂ ಅವರನ್ನು ‘ತಿಪ್ಪ’ ಅನ್ನುತ್ತಾರೆ. ಅದು ಗೇಲಿ ಅಂದುಕೊಂಡು, ಹೋದಾಗಲೆಲ್ಲ ಅವರ ಮನೆ ತಪ್ಪಿಸಿ ಓಡಾಡುತ್ತಿದ್ದರು. ಅವತ್ತು ರಾತ್ರಿ ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು. ನಾಯ್ರಾ ಮಾತು ಮತ್ತೆ ಬರಲಿಲ್ಲ.

ನಾನು ಇನ್ನೂ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅತ್ತೆಯೇ ಅಂದರು. ‘ಬರೆಯೋ ಹೆಸರು ನೀನೇ ಇಡಮ್ಮ. ನಂಗೆ ಓದಾಕೆ ಬರಲ್ಲ. ಕರೆಯೋದು ಮಾತ್ರ ನಂಗೆ ಬಿಡು.’

ನಾವು ‘ಇಳಾ’ ಅಂತ ಆರಿಸಿದೆವು. ಇಳೆ, ಭೂಮಿ. ನಿಘಂಟಿನಲ್ಲಿ ನೋಡಿದೆ ಮೇಷ್ಟ್ರೇ. ಡಲ್ಲಾಸ್ ಅಕ್ಕ ಹೇಳಿದ ಹಾಗೆ ಆಫೀಸಿನಲ್ಲಿ ಒಡಿಶಾದ ಗೆಳತಿಯ ಕೈಯಲ್ಲಿ ಓದಿಸಿದೆ. ಪುರೋಹಿತರ ಠ ಅಕ್ಷರದ ಹೆಸರು ಕಿವಿಯಲ್ಲೇ ಮುಗಿಯಿತು. ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು ನಾದಿನಿ ‘ಇಳಾ’ ಬರೆದಳು. ಆಮೇಲೆ ಅತ್ತೆ ತೊಟ್ಟಿಲಿಗೆ ಬಗ್ಗಿ ‘ತಿಪ್ಪಮ್ಮ’ ಅಂತ ಮೂರು ಸಲ ಕರೆದರು. ಮೂರನೇ ಸಲ ದನಿ ಒಡೆಯಿತು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದೆ.

ಸರ್ಟಿಫಿಕೇಟಿಗೆ ಮುಂದಿನ ವಾರ ಹೋಗುತ್ತೇವೆ. ‘ಳ’ ಬದಲು ‘ಲ’ ಬೀಳದ ಹಾಗೆ ನಿಂತು ನೋಡುತ್ತೇನೆ. ಫಾಲ್ಗುಣದಲ್ಲಿ ಹಟ್ಟಿ ಜಾತ್ರೆಗೆ ಕೊಬ್ಬರಿ ಸುಡಲು ಬರುತ್ತೇವೆ. ಅವತ್ತು ದೊಡ್ಡಮ್ಮನ ಮನೆಗೂ ಹೋಗಬೇಕು ಅಂತ ಇವರೇ ಹೇಳಿದ್ದಾರೆ. ಮೇಷ್ಟ್ರೇ, ನೀವು ಜಾತ್ರೆಗೆ ಬರುತ್ತೀರಾ?

ದುರ್ಗದ ಮೇಷ್ಟ್ರು

ಬರುತ್ತೇನೆ ತಾಯಿ. ತೇರಿನ ದಿನ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತೇನೆ. ಬಿಸಿಲು ಜಾಸ್ತಿ, ಮಗುವಿನ ತಲೆಗೆ ಬಟ್ಟೆ ಕಟ್ಟಿಕೊಂಡು ಬನ್ನಿ.